ರಕ್ತ ನಿಂತ ಮೇಲೂ ಅಪಾಯವೇಕೆ?

ಓದುಗರ ಪ್ರಶ್ನೆ, ವೈದ್ಯರ ಉತ್ತರ

ಅನ್ನನಾಳ, ಜಠರ, ಸಣ್ಣ ಕರುಳಿನ ಮೊದಲ ಭಾಗ, ಈ ಮೂರರಲ್ಲಿ ಎಲ್ಲಿಯಾದರೂ ರಕ್ತ ಸೋರಿದರೆ ಅದನ್ನು ಜೀರ್ಣಾಂಗದ ಮೇಲ್ಭಾಗದ ರಕ್ತಸ್ರಾವ ಎನ್ನುತ್ತೇವೆ. ಕಳೆದ ಸಂಚಿಕೆಯಲ್ಲಿ ಹೊಟ್ಟೆಹುಣ್ಣಿನ ಬಗ್ಗೆ ಬರೆದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇದ್ದವು: ಒಂದೇ ಕಾಯಿಲೆಯಲ್ಲಿ ಒಬ್ಬರು ಉಳಿಯುತ್ತಾರೆ, ಇನ್ನೊಬ್ಬರು ಉಳಿಯುವುದಿಲ್ಲ, ಇದು ಏಕೆ? ಈ ಸಲದ ಪುಟಗಳನ್ನು ಪೂರ್ತಿ ಅದಕ್ಕೇ ಕೊಟ್ಟಿದ್ದೇನೆ. ಪತ್ರಗಳನ್ನು ಸ್ವಲ್ಪ ಮೊಟಕುಗೊಳಿಸಿದ್ದೇನೆ, ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ಡಾಕ್ಟರಿಗೆ ನಮಸ್ಕಾರ. ನಮ್ಮ ಮಾವನವರಿಗೆ 76 ವರ್ಷವಾಗಿತ್ತು. ಸಕ್ಕರೆ ಕಾಯಿಲೆ, ಬಿಪಿ ಎರಡೂ ಇದ್ದವು. ಹೃದಯದ ಪಂಪಿಂಗ್ ಕಡಿಮೆಯಾಗಿದೆ ಎಂದು ಎರಡು ವರ್ಷದ ಹಿಂದೆ ಹೇಳಿದ್ದರು. ಕೊನೆಕೊಯ್ಲಿನ ದಿನಗಳಲ್ಲಿ ಮಂಡಿನೋವು ಜಾಸ್ತಿಯಾಗಿ, ಪೇಟೆಯ ಮೆಡಿಕಲ್ ಶಾಪಿನಿಂದ ಮಾತ್ರೆ ತರಿಸಿಕೊಂಡು ದಿನಕ್ಕೆ ಎರಡರಂತೆ ಮೂರು ವಾರ ತೆಗೆದುಕೊಂಡರು. ಮೂರು ದಿನದಿಂದ ಮಲ ಡಾಂಬರಿನ ಹಾಗೆ ಹೋಗುತ್ತಿತ್ತು ಎಂಬುದನ್ನು ಯಾರಿಗೂ ಹೇಳಿರಲಿಲ್ಲ. ನಾಲ್ಕನೆಯ ದಿನ ನಸುಕಿನಲ್ಲಿ ಬಚ್ಚಲಮನೆಗೆ ಹೋದವರು ಬವಳಿ ಬಂದು ಬಿದ್ದರು. ಹುಬ್ಬಳ್ಳಿಗೆ ಕರೆದೊಯ್ದೆವು. ಎಂಡೋಸ್ಕೋಪಿ ಮಾಡಿ (ಬಾಯಿಯಿಂದ ಕ್ಯಾಮೆರಾ ನಳಿಕೆ ಇಳಿಸಿ), ಹುಣ್ಣಿಗೆ ಕ್ಲಿಪ್ ಹಾಕಿ ರಕ್ತ ನಿಲ್ಲಿಸಿದರು. ಆಮೇಲೆ ಮತ್ತೆ ರಕ್ತ ಹೋಗಲೇ ಇಲ್ಲ ಎಂದು ಅಲ್ಲಿಯವರೇ ಹೇಳಿದರು. ಆದರೂ ಕಿಡ್ನಿ ಕೆಟ್ಟು, ನ್ಯುಮೋನಿಯಾ ಆಗಿ, ಒಂಬತ್ತನೆಯ ದಿನ ತೀರಿಕೊಂಡರು. ನೆರೆಮನೆಯ 24 ವರ್ಷದ ಹುಡುಗ ಹೋದ ವರ್ಷ ಬೋಗುಣಿ ತುಂಬ ರಕ್ತವಾಂತಿ ಮಾಡಿಕೊಂಡವನು ನಾಲ್ಕೇ ದಿನಕ್ಕೆ ಮನೆಗೆ ನಡೆದುಕೊಂಡು ಬಂದ. ರಕ್ತ ನಿಂತ ಮೇಲೂ ನಮ್ಮವರು ಏಕೆ ಉಳಿಯಲಿಲ್ಲ? ಚಿಕಿತ್ಸೆಯಲ್ಲಿ ಏನಾದರೂ ತಪ್ಪಾಯಿತೇ?
ಶಿರಸಿ ತಾಲ್ಲೂಕಿನ ಓದುಗರು

ಉತ್ತರ: ನಿಮ್ಮ ಮಾವನವರ ವಿಷಯ ಓದಿ ಬೇಸರವಾಯಿತು. ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ನೀವು ಬರೆದಿರುವಷ್ಟರಲ್ಲಿ ಚಿಕಿತ್ಸೆಯ ತಪ್ಪು ನನಗೆ ಕಾಣಿಸುತ್ತಿಲ್ಲ. ಹುಣ್ಣಿನಿಂದ ರಕ್ತ ಹೋಗಿ ತೀರಿಕೊಂಡರು ಎಂದು ನಾವು ಹೇಳುವವರಲ್ಲಿ ಹೆಚ್ಚಿನವರ ಸಾವಿಗೆ ಕಡೆಯ ಕಾರಣ ರಕ್ತ ಹೋದದ್ದಾಗಿರುವುದಿಲ್ಲ. ಹಾಂಗ್‌ಕಾಂಗಿನ ವೈದ್ಯರು ಹುಣ್ಣಿನ ರಕ್ತಸ್ರಾವದ 10,000ಕ್ಕೂ ಹೆಚ್ಚು ಪ್ರಕರಣಗಳನ್ನು ಪರಿಶೀಲಿಸಿ 2010ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಸತ್ತವರ ಪೈಕಿ 100ಕ್ಕೆ ಸುಮಾರು 80 ಮಂದಿಯ ಸಾವಿಗೆ ಕಾರಣವಾದದ್ದು ಹಲವು ಅಂಗಗಳು ಒಟ್ಟಿಗೆ ಸೋತದ್ದು, ಶ್ವಾಸಕೋಶದ ತೊಂದರೆ, ಮೊದಲೇ ಇದ್ದ ಕ್ಯಾನ್ಸರ್ ಇಂಥವು. ನಿಲ್ಲಿಸಲಾಗದ ರಕ್ತಸ್ರಾವದಿಂದಲೇ ಹೋದವರು ಉಳಿದ ಸಣ್ಣ ಪಾಲು ಮಾತ್ರ. ಆದುದರಿಂದ ರೋಗಿಯ ಗತಿ ಏನಾದೀತು ಎಂದು ಅಂದಾಜು ಮಾಡುವಾಗ ನಾವು ಬೋಗುಣಿಯಲ್ಲಿರುವ ರಕ್ತವನ್ನು ಎಷ್ಟು ನೋಡುತ್ತೇವೋ ಅದಕ್ಕಿಂತ ಹೆಚ್ಚಾಗಿ ಹಾಸಿಗೆಯ ಮೇಲಿರುವ ಮನುಷ್ಯನನ್ನು ನೋಡುತ್ತೇವೆ.

ನೆರೆಮನೆಯ ಹುಡುಗನ ಮೈಯಲ್ಲಿ ಏನಾಯಿತು ಎಂದು ಯೋಚಿಸಿ. ರಕ್ತ ಕಡಿಮೆಯಾದ ಕೂಡಲೇ ಅವನ ಹೃದಯ ನಿಮಿಷಕ್ಕೆ 130 ಸಲ ಬಡಿದು ಉಳಿದ ರಕ್ತವನ್ನೇ ಬೇಗ ಬೇಗ ಸುತ್ತಿಸಿತು. ಕೈಕಾಲಿನ ರಕ್ತನಾಳಗಳು ಬಿಗಿದುಕೊಂಡು ಮಿದುಳಿಗೂ ಹೃದಯಕ್ಕೂ ರಕ್ತ ಉಳಿಸಿಕೊಟ್ಟವು. ಕಿಡ್ನಿಗಳು ಕೆಲವು ಗಂಟೆ ಬರದಲ್ಲಿದ್ದು ಮತ್ತೆ ಚೇತರಿಸಿಕೊಂಡವು. ನಿಮ್ಮ ಮಾವನವರ ಮೈಗೆ ಈ ಯಾವ ಅನುಕೂಲವೂ ಇರಲಿಲ್ಲ. ದುರ್ಬಲ ಹೃದಯ ವೇಗ ಹೆಚ್ಚಿಸಿಕೊಂಡರೆ ತಾನೇ ಸೋಲುತ್ತದೆ. ಸಕ್ಕರೆ ಕಾಯಿಲೆಯಿಂದ ಮೊದಲೇ ಬಳಲಿದ್ದ ಕಿಡ್ನಿಗೆ ನೋವಿನ ಮಾತ್ರೆಯೇ ಒಂದು ಪೆಟ್ಟು ಕೊಟ್ಟಿರುತ್ತದೆ, ಏಕೆಂದರೆ ಹೊಟ್ಟೆಯ ಒಳಪದರವನ್ನು ಕೆಡಿಸುವ ಆ ಮಾತ್ರೆಗಳೇ ಕಿಡ್ನಿಗೆ ಹೋಗುವ ರಕ್ತವನ್ನೂ ತಗ್ಗಿಸುತ್ತವೆ. ಇನ್ನೊಂದು ಮಾತನ್ನೂ ಊಹಿಸಬಲ್ಲೆ: ಮಲ ಕಪ್ಪಾಗಿ ಹೋಗುತ್ತಿದ್ದ ಆ ಮೂರು ದಿನವೂ ಅವರು ಬಿಪಿ ಮಾತ್ರೆಯನ್ನು ತಪ್ಪದೆ ನುಂಗಿರುತ್ತಾರೆ. ಮೈಯ ರಕ್ತ ಸೋರುತ್ತಿರುವಾಗ ಒತ್ತಡವನ್ನು ಇನ್ನೂ ಇಳಿಸುವ ಮಾತ್ರೆ ಒಳಗೆ ಹೋಗುತ್ತಿದ್ದರೆ ಬವಳಿ ಬರುವುದು ಆಶ್ಚರ್ಯವಲ್ಲ.

ಆಸ್ಪತ್ರೆಗೆ ಬಂದ ಮೇಲೆ ವೈದ್ಯರ ಸ್ಥಿತಿ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಂತೆ. ಡ್ರಿಪ್ಪನ್ನೂ ರಕ್ತವನ್ನೂ ವೇಗವಾಗಿ ಕೊಟ್ಟರೆ ದುರ್ಬಲ ಹೃದಯ ಅದನ್ನು ತಳ್ಳಲಾರದೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ನಿಧಾನ ಮಾಡಿದರೆ ಕಿಡ್ನಿ ಒಣಗುತ್ತದೆ. ಹಾಸಿಗೆ ಹಿಡಿದ ವೃದ್ಧರಲ್ಲಿ ಕೆಮ್ಮಿ ಕಫ ಹೊರಹಾಕುವ ಶಕ್ತಿಯೂ ಕಡಿಮೆ. ವಾಂತಿಯಾಗಿದ್ದರೆ ಅದರ ಒಂದಿಷ್ಟು ಶ್ವಾಸನಾಳಕ್ಕೆ ಇಳಿದಿರುವುದೂ ಉಂಟು. ಐದಾರು ದಿನದ ನಂತರ ಬರುವ ನ್ಯುಮೋನಿಯಾದ ಬೇರು ಹೆಚ್ಚಾಗಿ ಇಲ್ಲಿರುತ್ತದೆ. ಕ್ಲಿಪ್ ಹಾಕಿದ್ದು ಹುಣ್ಣಿನ ಬಾಯಿಗೆ. ಅದಕ್ಕೆ ಮೊದಲೇ ಉರುಳಲು ತೊಡಗಿದ್ದ ಈ ಸರಣಿಯನ್ನು ಕ್ಲಿಪ್ ತಡೆಯಲಾರದು.

ವಯಸ್ಸು 65 ದಾಟಿರುವುದು, ಹೃದಯ, ಕಿಡ್ನಿ ಅಥವಾ ಲಿವರ್ ಸೋತಿರುವುದು, ಕ್ಯಾನ್ಸರ್ ಇರುವುದು, ಬರುವಾಗಲೇ ರಕ್ತದೊತ್ತಡದ ಮೇಲಿನ ಅಂಕಿ 90ರ ಆಸುಪಾಸಿಗೆ ಇಳಿದಿರುವುದು, ಪ್ರಜ್ಞೆ ಮಂಕಾಗಿರುವುದು, ಇವು ಬಲವಾದ ಅಪಾಯ ಸೂಚನೆಗಳು. ಹುಣ್ಣಿನ ಜಾಗಕ್ಕೂ ಬೆಲೆಯುಂಟು. ಡುಯೊಡಿನಂ ಎಂಬ ಸಣ್ಣ ಕರುಳಿನ ಮೊದಲ ಭಾಗದ ಹಿಂಗೋಡೆಗೆ ತಾಗಿಕೊಂಡೇ ಒಂದು ದೊಡ್ಡ ಅಪಧಮನಿ ಹೋಗುತ್ತದೆ. ಹುಣ್ಣು ಅಲ್ಲಿ ಆಳವಾಗಿ ಕೊರೆದರೆ ಅಥವಾ ಎರಡು ಸೆಂಟಿಮೀಟರಿಗಿಂತ ಅಗಲವಾಗಿದ್ದರೆ, ಒಮ್ಮೆ ನಿಲ್ಲಿಸಿದ ರಕ್ತ ಮತ್ತೆ ಚಿಮ್ಮುವ ಸಂಭವ ಹೆಚ್ಚು. ಜನ ಸಾಮಾನ್ಯವಾಗಿ ಗಮನಿಸದ ಇನ್ನೊಂದು ಸಂಗತಿ ಎಂದರೆ ರಕ್ತಸ್ರಾವ ಎಲ್ಲಿ ಶುರುವಾಯಿತು ಎಂಬುದು. ಬ್ರಿಟನ್ನಿನಲ್ಲಿ 2007ರಲ್ಲಿ ದೇಶದಾದ್ಯಂತ ಲೆಕ್ಕ ಹಾಕಿದಾಗ, ಮನೆಯಲ್ಲಿ ರಕ್ತ ಕಾಣಿಸಿಕೊಂಡು ಆಸ್ಪತ್ರೆಗೆ ಬಂದವರಲ್ಲಿ 100ಕ್ಕೆ 7 ಮಂದಿ ಸತ್ತಿದ್ದರೆ, ಬೇರೆ ಕಾಯಿಲೆಗೆ ದಾಖಲಾಗಿದ್ದು ಆಸ್ಪತ್ರೆಯಲ್ಲೇ ರಕ್ತಸ್ರಾವ ಶುರುವಾದವರಲ್ಲಿ 26 ಮಂದಿ ಸತ್ತಿದ್ದರು. ವೈದ್ಯರ ಕಣ್ಣೆದುರಿಗೇ ಇದ್ದವರು ಹೆಚ್ಚು ಸತ್ತದ್ದು ವಿಚಿತ್ರವೆನ್ನಿಸಬಹುದು. ಆದರೆ ಅವರು ಆ ಹೊತ್ತಿಗಾಗಲೇ ಬೇರೊಂದು ಕಾಯಿಲೆಯಿಂದ ಜರ್ಜರಿತರಾಗಿದ್ದವರು.

ಇನ್ನು ಆ ಮೂರು ದಿನಗಳ ವಿಷಯ. ಹೊಟ್ಟೆಯೊಳಗೆ ಅರ್ಧ ಲೋಟದಷ್ಟು ರಕ್ತ ಸೋರಿದರೂ ಮಲ ಕಪ್ಪಾಗುತ್ತದೆ. ಕರುಳಿನಲ್ಲಿ ಇಳಿಯುವಷ್ಟರಲ್ಲಿ ರಕ್ತ ಜೀರ್ಣಗೊಂಡು ಕೆಂಪು ಬಣ್ಣ ಕಳೆದುಕೊಳ್ಳುತ್ತದೆ. ಅದು ಅಂಟಂಟಾಗಿ, ಹೊಳಪಾಗಿ, ನೀರು ಸುರಿದರೂ ಬೇಗ ಜಾರದೆ, ಒಮ್ಮೆ ಮೂಸಿದವರು ಮರೆಯಲಾಗದ ಗಬ್ಬು ವಾಸನೆಯಿಂದ ಕೂಡಿರುತ್ತದೆ. ಹೊಟ್ಟೆನೋವೇ ಇಲ್ಲದಿರಬಹುದು, ಏಕೆಂದರೆ ನೋವಿನ ಮಾತ್ರೆ ಹುಣ್ಣಿನ ನೋವನ್ನೂ ಮರೆಸುತ್ತದೆ. ಮೊದಲ ದಿನವೇ ಬಂದಿದ್ದರೆ ಅವರು ಖಂಡಿತ ಉಳಿಯುತ್ತಿದ್ದರು ಎಂದು ಹೇಳಲಾರೆ. ಬಿಪಿ ಬೀಳುವ ಮೊದಲು ಬರುತ್ತಿದ್ದರು, ಕಿಡ್ನಿಗೆ ಅಷ್ಟರಮಟ್ಟಿಗೆ ಅವಕಾಶವಿರುತ್ತಿತ್ತು ಎನ್ನಬಲ್ಲೆ. ಅವರು ಹೇಳದ ಮಾತು ನಿಮಗೆ ತಿಳಿಯುವುದು ಸಾಧ್ಯವಿರಲಿಲ್ಲ. ನಮ್ಮ ಹಿರಿಯರು ಸೊಸೆಯ ಮುಂದೆ ಮಲದ ಬಣ್ಣ ಮಾತನಾಡುವವರಲ್ಲ, ಆದ್ದರಿಂದ ಮನೆಯಲ್ಲಿ ನೋವಿನ ಮಾತ್ರೆ ನುಂಗುವ ವೃದ್ಧರಿದ್ದರೆ ಮಗನೋ ಮೊಮ್ಮಗನೋ ವಾರಕ್ಕೊಮ್ಮೆ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಪ್ರಶ್ನೆ: ನನಗೆ 34 ವರ್ಷ. ಎರಡು ದಿನ ಕಪ್ಪು ಮಲ ಹೋಗಿ ಆಸ್ಪತ್ರೆ ಸೇರಿದ್ದೆ. ಡಿಸ್ಚಾರ್ಜ್ ಕಾರ್ಡಿನಲ್ಲಿ ‘ಬ್ಲಾಚ್‌ಫೋರ್ಡ್ 10, ಏಮ್ಸ್-65 ಸೊನ್ನೆ, ಫಾರೆಸ್ಟ್ 2ಎ’ ಎಂದು ಬರೆದಿದ್ದಾರೆ. ಸೇರಿದಾಗ ನಾಡಿ 112, ಬಿಪಿ 104, ಹಿಮೋಗ್ಲೋಬಿನ್ 11.2, ಯೂರಿಯಾ 66 ಎಂದಿದೆ. ಮಾರನೆಯ ದಿನ ಹಿಮೋಗ್ಲೋಬಿನ್ 8.1ಕ್ಕೆ ಇಳಿಯಿತು, ಆಸ್ಪತ್ರೆಯಲ್ಲಿದ್ದೂ ಇಳಿದದ್ದು ಹೇಗೆ? 10 ಅಂಕ ಎಂದರೆ ನಾನು ಸಾವಿನ ಹತ್ತಿರ ಹೋಗಿ ಬಂದೆ ಎಂದು ಅರ್ಥವೇ?
ದಾವಣಗೆರೆಯ ಓದುಗರು

ಉತ್ತರ: ಇಲ್ಲ, ಹಾಗಲ್ಲ. ಕಾರ್ಡಿನಲ್ಲಿರುವ ಮೂರೂ ಮೂರು ಬೇರೆ ಪ್ರಶ್ನೆಗಳಿಗೆ ಉತ್ತರಗಳು. ಅವನ್ನು ಒಂದರೊಡನೊಂದು ಬೆರೆಸಬಾರದು.

ಗ್ಲಾಸ್ಗೋ ನಗರದಲ್ಲಿ ರೂಪುಗೊಂಡು 2000ದಲ್ಲಿ ಪ್ರಕಟವಾದ ಬ್ಲಾಚ್‌ಫೋರ್ಡ್ ಅಂಕ, ಈ ರೋಗಿಗೆ ರಕ್ತ ಕೊಡುವುದು, ಎಂಡೋಸ್ಕೋಪಿಯಿಂದ ರಕ್ತ ನಿಲ್ಲಿಸುವುದು ಮುಂತಾದ ಆಸ್ಪತ್ರೆಯ ನೆರವು ಬೇಕಾದೀತೇ ಎಂಬುದನ್ನು ಕೇಳುತ್ತದೆ. ನಾಡಿ 100 ಅಥವಾ ಅದಕ್ಕಿಂತ ಹೆಚ್ಚಿದ್ದುದಕ್ಕೆ ನಿಮಗೆ 1, ಬಿಪಿ 100ರಿಂದ 109ರ ನಡುವೆ ಇದ್ದುದಕ್ಕೆ 1, ಕಪ್ಪು ಮಲಕ್ಕೆ 1, ಗಂಡಸರಲ್ಲಿ ಹಿಮೋಗ್ಲೋಬಿನ್ 10ರಿಂದ 12ರ ಒಳಗಿದ್ದರೆ 3, ಯೂರಿಯಾ ಆ ಮಟ್ಟಕ್ಕೆ ಏರಿದ್ದುದಕ್ಕೆ 4, ಒಟ್ಟು 10. ಬವಳಿ ಬಂದು ಬಿದ್ದಿದ್ದರೆ ಇನ್ನೆರಡು, ಲಿವರ್ ಕಾಯಿಲೆ ಇದ್ದರೆ ಎರಡು, ಹೃದಯ ಸೋತಿದ್ದರೆ ಎರಡು ಸೇರುತ್ತಿದ್ದವು. ಗರಿಷ್ಠ ಅಂಕ 23. ಸೊನ್ನೆ ಅಥವಾ 1 ಬಂದವರನ್ನು ದಾಖಲು ಮಾಡಿಕೊಳ್ಳದೆ, ಒಂದೆರಡು ದಿನದಲ್ಲಿ ಎಂಡೋಸ್ಕೋಪಿಗೆ ಬರಹೇಳಿ ಮನೆಗೆ ಕಳುಹಿಸಬಹುದು. ಈ ಪಟ್ಟಿಯಲ್ಲಿ ವಯಸ್ಸೇ ಇಲ್ಲ ಎಂಬುದನ್ನು ನೀವು ಗಮನಿಸಬೇಕು. ಹಾಗಾಗಿ 10 ಎಂಬುದು ನಿಮ್ಮನ್ನು ಮನೆಗೆ ಕಳುಹಿಸುವಂತಿರಲಿಲ್ಲ ಎಂದಷ್ಟೇ ಹೇಳುತ್ತದೆ.

ಸಾವಿನ ಸಂಭವವನ್ನು ಕೇಳುವುದು ಏಮ್ಸ್-65. ದೆಹಲಿಯ ಆಸ್ಪತ್ರೆಗೂ ಈ ಹೆಸರಿಗೂ ಸಂಬಂಧವಿಲ್ಲ. ನಾಲ್ಕು ಅಂಶಗಳ ಇಂಗ್ಲಿಷ್ ಮೊದಲಕ್ಷರಗಳಿಗೆ ಐದನೆಯದಾಗಿ ವಯಸ್ಸಿನ 65 ಜೋಡಿಸಿದ್ದು. ರಕ್ತದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ 3ಕ್ಕಿಂತ ಕಡಿಮೆ, ರಕ್ತ ಹೆಪ್ಪುಗಟ್ಟುವುದನ್ನು ಅಳೆಯುವ ಐಎನ್‌ಆರ್ 1.5ಕ್ಕಿಂತ ಹೆಚ್ಚು, ಪ್ರಜ್ಞೆಯಲ್ಲಿ ಏರುಪೇರು, ಬಿಪಿ 90 ಅಥವಾ ಅದಕ್ಕಿಂತ ಕೆಳಗೆ, ವಯಸ್ಸು 65 ದಾಟಿರುವುದು, ಒಂದೊಂದಕ್ಕೆ ಒಂದೊಂದು ಅಂಕ. ಹುಣ್ಣು ಎಷ್ಟು ದೊಡ್ಡದು, ಎಷ್ಟು ರಕ್ತ ಹೋಯಿತು ಎಂದು ಇದು ಕೇಳುವುದೇ ಇಲ್ಲ, ಆದರೂ ಸಾವಿನ ಅಂದಾಜಿನಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಶಿರಸಿಯ ಓದುಗರಿಗೆ ಮೇಲೆ ಹೇಳಿದ ಮಾತಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. ನಿಮ್ಮದು ಸೊನ್ನೆ.

ಫಾರೆಸ್ಟ್ ಎಂಬುದು ಎಂಡೋಸ್ಕೋಪಿಯಲ್ಲಿ ಕಂಡ ಹುಣ್ಣಿನ ಮುಖ. 1974ರಿಂದ ಬಳಕೆಯಲ್ಲಿದೆ. ರಕ್ತ ಚಿಮ್ಮುತ್ತಿದ್ದರೆ 1ಎ, ಜಿನುಗುತ್ತಿದ್ದರೆ 1ಬಿ, ರಕ್ತ ನಿಂತಿದ್ದರೂ ಹುಣ್ಣಿನ ತಳದಲ್ಲಿ ರಕ್ತನಾಳದ ತುದಿ ಮೊಳೆಯ ಹಾಗೆ ಎದ್ದು ಕಾಣುತ್ತಿದ್ದರೆ 2ಎ, ಮೇಲೆ ಹೆಪ್ಪು ಕೂತಿದ್ದರೆ 2ಬಿ, ಬರೀ ಕಪ್ಪು ಚುಕ್ಕೆ ಇದ್ದರೆ 2ಸಿ, ತಳ ಬೆಳ್ಳಗೆ ಶುಭ್ರವಾಗಿದ್ದರೆ 3. ನಿಮ್ಮ ಹುಣ್ಣನ್ನು ಹಾಗೆಯೇ ಬಿಟ್ಟಿದ್ದರೆ ಮತ್ತೆ ರಕ್ತ ಹೋಗುವ ಸಂಭವ 100ಕ್ಕೆ 40ಕ್ಕಿಂತ ಹೆಚ್ಚು ಇತ್ತು. ಶುಭ್ರವಾದ ಹುಣ್ಣಿನಲ್ಲಿ ಅದು 5ರಷ್ಟು. ಕ್ಲಿಪ್ ಹಾಕಿದ ಮೇಲೆ ಆ ಅಪಾಯ ಬಹಳ ಇಳಿಯುತ್ತದೆ, ಆದರೂ ಪೂರ್ತಿ ಹೋಗುವುದಿಲ್ಲ. ಮತ್ತೆ ರಕ್ತ ಬರುವುದಿದ್ದರೆ ಹೆಚ್ಚಾಗಿ ಮೊದಲ 72 ಗಂಟೆಗಳಲ್ಲಿ ಬರುತ್ತದೆ. ಅದಕ್ಕೇ ಮೂರು ದಿನ ಆಮ್ಲ ತಗ್ಗಿಸುವ ಔಷಧಿಯನ್ನು ರಕ್ತನಾಳದ ಮೂಲಕ ಕೊಟ್ಟು ನಿಮ್ಮನ್ನು ಅಲ್ಲೇ ಇರಿಸಿಕೊಂಡದ್ದು.

ಹಿಮೋಗ್ಲೋಬಿನ್ ಇಳಿದದ್ದಕ್ಕೆ ಅಡುಗೆಮನೆಯ ಲೆಕ್ಕ ಸಾಕು. ಪಾತ್ರೆಯ ಸಾರಿನಲ್ಲಿ ಅರ್ಧ ಚೆಲ್ಲಿಹೋದರೆ ಉಳಿದರ್ಧದ ಉಪ್ಪುಖಾರ ಬದಲಾಗುವುದಿಲ್ಲ. ಅಷ್ಟು ನೀರು ಬೆರೆಸಿದ ಮೇಲಷ್ಟೇ ಸಾರು ತೆಳುವಾಗುತ್ತದೆ. ರಕ್ತ ಹೋದ ಮೊದಲ ಗಂಟೆಗಳಲ್ಲಿ ಹಿಮೋಗ್ಲೋಬಿನ್ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ಮೈಯೊಳಗಿನ ನೀರು ರಕ್ತನಾಳಕ್ಕೆ ಸೇರಿ, ಡ್ರಿಪ್ಪೂ ಸೇರಿದ ಮೇಲೆ ನಿಜವಾದ ಮಟ್ಟ ಕಾಣುತ್ತದೆ. ಮೊದಲ ರಿಪೋರ್ಟ್ ಚೆನ್ನಾಗಿದೆ ಎಂದು ರೋಗಿಯನ್ನು ಮನೆಗೆ ಕರೆದೊಯ್ಯುವ ಸಂಬಂಧಿಕರನ್ನು ನಾನು ಪ್ರತಿವರ್ಷ ನೋಡುತ್ತೇನೆ. ಯೂರಿಯಾ ಏರಿದ್ದಕ್ಕೂ ಗಾಬರಿ ಬೇಡ. ಹೊಟ್ಟೆಗೆ ಇಳಿದ ರಕ್ತವೂ ಒಂದು ಪ್ರೋಟೀನ್ ಆಹಾರವೇ. ಅದು ಜೀರ್ಣವಾದಾಗ ಯೂರಿಯಾ ಹೆಚ್ಚುತ್ತದೆ.

ಪ್ರಶ್ನೆ: ನನ್ನ ತಂದೆಯವರಿಗೆ 68 ವರ್ಷ. ಒಂದೂವರೆ ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ. ರಕ್ತ ತೆಳು ಮಾಡುವ ಆಸ್ಪಿರಿನ್‌ನಿಂದ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಯಿತು. ಈಗ ಗುಣವಾಗಿದ್ದಾರೆ. ಇನ್ನು ಮುಂದೆ ಆ ಮಾತ್ರೆಯ ಸಹವಾಸವೇ ಬೇಡ ಎಂದು ತಂದೆಯವರು ಹಟ ಹಿಡಿದಿದ್ದಾರೆ. ನಿಲ್ಲಿಸಬಹುದೇ?
ಬೆಂಗಳೂರಿನ ಓದುಗರು

ಉತ್ತರ: ದಯವಿಟ್ಟು ನಿಲ್ಲಿಸಬೇಡಿ. ಅವರು ಈಗಾಗಲೇ ನಿಲ್ಲಿಸಿದ್ದರೆ ಇವತ್ತೇ ಹೃದಯ ತಜ್ಞರಿಗೆ ಫೋನ್ ಮಾಡಿ. ಹಾಂಗ್‌ಕಾಂಗಿನಲ್ಲಿ ಇದನ್ನೇ ಪರೀಕ್ಷಿಸಿ ನೋಡಿದರು. ಹೃದಯ ಅಥವಾ ಮಿದುಳಿನ ರಕ್ತನಾಳದ ಕಾಯಿಲೆಗಾಗಿ ಆಸ್ಪಿರಿನ್ ತೆಗೆದುಕೊಳ್ಳುತ್ತಿದ್ದು, ಹುಣ್ಣಿನಿಂದ ರಕ್ತ ಹೋಗಿ, ಎಂಡೋಸ್ಕೋಪಿಯಿಂದ ಅದನ್ನು ನಿಲ್ಲಿಸಿದ 156 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಆಸ್ಪಿರಿನ್ ಮುಂದುವರಿಸಿದರು, ಉಳಿದವರಿಗೆ ಅದೇ ರೂಪದ ಖಾಲಿ ಮಾತ್ರೆ ಕೊಟ್ಟರು. ಮುಂದುವರಿಸಿದವರಲ್ಲಿ ಮತ್ತೆ ರಕ್ತ ಹೋದದ್ದು 100ಕ್ಕೆ 10ರಷ್ಟು, ನಿಲ್ಲಿಸಿದವರಲ್ಲಿ 5ರಷ್ಟು. ಇಷ್ಟನ್ನೇ ಓದಿದರೆ ನಿಮ್ಮ ತಂದೆಯವರ ಹಟ ಸರಿಯೆನ್ನಿಸುತ್ತದೆ. ಆದರೆ ಎಂಟು ವಾರದ ಕೊನೆಯಲ್ಲಿ ಸಾವಿನ ಲೆಕ್ಕ ಹಾಕಿದಾಗ ಮುಂದುವರಿಸಿದವರಲ್ಲಿ ಅದು 100ಕ್ಕೆ 1.3 ಇದ್ದರೆ, ನಿಲ್ಲಿಸಿದವರಲ್ಲಿ 12.9 ಇತ್ತು.

ಮತ್ತೆ ಯಾವಾಗ ಶುರು ಮಾಡುವುದು ಎಂಬುದನ್ನು ಹುಣ್ಣಿನ ಸ್ಥಿತಿ ನೋಡಿ ತೀರ್ಮಾನಿಸುತ್ತಾರೆ. ಸಾಮಾನ್ಯವಾಗಿ ಒಂದರಿಂದ ಮೂರು ದಿನದೊಳಗೆ, ತಡವೆಂದರೆ ಒಂದು ವಾರದೊಳಗೆ. ಜೊತೆಯಲ್ಲಿ ರಕ್ತ ತೆಳು ಮಾಡುವ ಕ್ಲೊಪಿಡೊಗ್ರೆಲ್‌ನಂಥ ಎರಡನೆಯ ಮಾತ್ರೆ ಇದ್ದರೆ ಅದನ್ನು ಉಳಿಸುವುದೋ ಬಿಡುವುದೋ ಎಂಬುದು ಸ್ಟೆಂಟ್ ಹಾಕಿ ಎಷ್ಟು ಕಾಲವಾಯಿತು ಎಂಬುದರ ಮೇಲೆ ನಿಂತಿದೆ. ಆ ತೀರ್ಮಾನ ಹೃದಯ ತಜ್ಞರದು. ಆಸ್ಪಿರಿನ್ ಇರುವಷ್ಟು ಕಾಲ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್‌ನಂಥ ಮಾತ್ರೆಯೂ ಇರಬೇಕು. ಇದಕ್ಕೊಂದು ಅಪವಾದವುಂಟು. ಹೃದಯದ ಕಾಯಿಲೆ ಯಾವತ್ತೂ ಬಂದಿಲ್ಲ, ಸ್ಟೆಂಟಿಲ್ಲ, ಪಾರ್ಶ್ವವಾಯು ಆಗಿಲ್ಲ, ಸುಮ್ಮನೆ ಮುಂಜಾಗ್ರತೆಗೆಂದು ಆಸ್ಪಿರಿನ್ ನುಂಗುತ್ತಿದ್ದವರಿಗೆ ಹೀಗೆ ರಕ್ತ ಹೋದರೆ ಅದನ್ನು ಬಿಡುವುದೇ ಸರಿ.

ಪ್ರಶ್ನೆ: ನನ್ನ ಯಜಮಾನರು 45 ವರ್ಷದವರು, ಕುಡಿತದಿಂದ ಲಿವರ್ ಹಾಳಾಗಿದೆ. ಕಳೆದ ತಿಂಗಳು ರಕ್ತವಾಂತಿಯಾಯಿತು. ಬ್ಯಾಂಡ್ ಹಾಕಿದ್ದೇವೆ ಎಂದರು. ರಕ್ತ ನಿಂತಿದ್ದರೂ ಆರು ವಾರ ಕಳೆಯುವವರೆಗೆ ಏನೂ ಹೇಳಲಾಗದು ಎನ್ನುತ್ತಾರೆ. ಇದು ಹುಣ್ಣಿಗಿಂತ ಕೆಟ್ಟದ್ದೇ?
ಬಳ್ಳಾರಿ ಜಿಲ್ಲೆಯ ಓದುಗರು

ಉತ್ತರ: ಹೌದಮ್ಮ, ಸಾಮಾನ್ಯವಾಗಿ ಕೆಟ್ಟದ್ದೇ. ಲಿವರ್ ಗಟ್ಟಿಯಾಗಿ ಗಂಟುಗಂಟಾದಾಗ ಕರುಳಿನಿಂದ ಅದಕ್ಕೆ ಬರುವ ರಕ್ತ ಮುಂದೆ ಹೋಗಲಾರದೆ, ಕಾಲುವೆಗೆ ಅಡ್ಡ ಕಟ್ಟಿದರೆ ನೀರು ಬದುವಿನ ಮೇಲೆ ಹರಿಯುವಂತೆ, ಅನ್ನನಾಳದ ಸುತ್ತಲಿನ ಸಣ್ಣ ರಕ್ತನಾಳಗಳಿಗೆ ನುಗ್ಗುತ್ತದೆ. ಅವು ಉಬ್ಬಿ, ತೆಳುವಾಗಿ, ಒಂದು ದಿನ ಒಡೆಯುತ್ತವೆ. ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದರೆ ಒಡೆದ ಜಾಗ ಮುಚ್ಚುತ್ತದೆ. ಹಿಂದಿನ ಒತ್ತಡ ಹಾಗೆಯೇ ಇರುತ್ತದೆ, ಲಿವರ್ ಹಾಗೆಯೇ ಇರುತ್ತದೆ. ಇಂಥ ರಕ್ತಸ್ರಾವವಾದವರಲ್ಲಿ ಒಳ್ಳೆಯ ಚಿಕಿತ್ಸೆ ದೊರೆತರೂ ಆರು ವಾರದೊಳಗೆ 100ಕ್ಕೆ ಸುಮಾರು 15ರಿಂದ 20 ಮಂದಿ ತೀರಿಕೊಳ್ಳುತ್ತಾರೆ. ನಿಮ್ಮ ವೈದ್ಯರು ಆರು ವಾರ ಎಂದದ್ದು ಈ ಲೆಕ್ಕದಿಂದ.

ಆದರೆ ಆ ಸರಾಸರಿ ಎಲ್ಲರಿಗೂ ಒಂದೇ ಅಲ್ಲ. ಕಾಮಾಲೆ ಇಲ್ಲದೆ, ಹೊಟ್ಟೆಯಲ್ಲಿ ನೀರು ತುಂಬದೆ, ಮಾತು ಸ್ಪಷ್ಟವಾಗಿದ್ದು, ಆಲ್ಬುಮಿನ್ ಮತ್ತು ಐಎನ್‌ಆರ್ ಚೆನ್ನಾಗಿರುವವರು ಬಹುಪಾಲು ಉಳಿಯುತ್ತಾರೆ. ಈ ಐದೂ ಕೆಟ್ಟಿರುವವರ ಗತಿ ಆ ಸರಾಸರಿಗಿಂತ ಬಹಳ ಕೆಟ್ಟದು. ಮಕ್ಕಳಲ್ಲಿ ನಾವು ಕಾಣುವ ಒಂದು ಕಾಯಿಲೆ ಇದನ್ನು ಸ್ಪಷ್ಟವಾಗಿ ತೋರಿಸುತ್ತದೆ. ಲಿವರಿಗೆ ಹೋಗುವ ಪೋರ್ಟಲ್ ರಕ್ತನಾಳ ಹೊರಗೇ ಹೆಪ್ಪುಗಟ್ಟಿ ಮುಚ್ಚಿಹೋಗಿರುತ್ತದೆ, ಲಿವರ್ ಮಾತ್ರ ಚೆನ್ನಾಗಿರುತ್ತದೆ. ಎಂಟು ಹತ್ತು ವರ್ಷದ ಮಗು ನೋಡುವವರ ಎದೆ ನಡುಗುವಷ್ಟು ರಕ್ತವಾಂತಿ ಮಾಡಿಕೊಂಡು ಬರುತ್ತದೆ. ಬ್ಯಾಂಡ್ ಹಾಕಿದ ಮೂರನೆಯ ದಿನ ವಾರ್ಡಿನಲ್ಲಿ ಇಡ್ಲಿ ಕೇಳುತ್ತಾ ಕೂತಿರುತ್ತದೆ. ಅಷ್ಟೇ ರಕ್ತ ಹೋದ, ಕಾಮಾಲೆಯಿಂದ ಕಣ್ಣು ಹಳದಿಯಾದ ತಂದೆಯ ವಯಸ್ಸಿನ ರೋಗಿ ಪಕ್ಕದ ಐಸಿಯುವಿನಲ್ಲಿ ಸೋಲುತ್ತಿರುತ್ತಾನೆ.

ಲಿವರ್ ಸೋತವರಲ್ಲಿ ರಕ್ತದ ಜೊತೆಗೆ ಸೋಂಕು ಸೇರಿಕೊಳ್ಳುವುದು ಸಾವಿಗೆ ದೊಡ್ಡ ದಾರಿ. ಆದ್ದರಿಂದ ಜ್ವರ ಇಲ್ಲದಿದ್ದರೂ ಮೊದಲ ದಿನದಿಂದಲೇ ಆಂಟಿಬಯಾಟಿಕ್ ಕೊಡುತ್ತಾರೆ. ಕರುಳಿನಲ್ಲಿ ಉಳಿದ ರಕ್ತ ಕೊಳೆತು ಅಮೋನಿಯಾ ಆಗಿ ಮಿದುಳನ್ನು ಮಂಕಾಗಿಸುತ್ತದೆ, ಅದಕ್ಕೇ ಭೇದಿಯಾಗುವ ಸಿರಪ್ ಕೊಟ್ಟಿರುತ್ತಾರೆ. ದಿನಕ್ಕೆ ಎರಡು ಮೂರು ಸಲ ಮಲ ಹೋಗಲೇಬೇಕು, ಅದನ್ನು ತೊಂದರೆಯೆಂದು ನಿಲ್ಲಿಸಬೇಡಿ. ನಿದ್ದೆ ಬರಲಿಲ್ಲವೆಂದು ನಿದ್ದೆಮಾತ್ರೆಯನ್ನಾಗಲೀ, ಮೈಕೈ ನೋವಿಗೆ ಪೇಟೆಯ ಮಾತ್ರೆಯನ್ನಾಗಲೀ ಕೊಡಬೇಡಿ. ಎರಡರಿಂದ ನಾಲ್ಕು ವಾರಕ್ಕೊಮ್ಮೆ ಮತ್ತೆ ಎಂಡೋಸ್ಕೋಪಿಗೆ ಕರೆಯುತ್ತಾರೆ, ಉಬ್ಬಿದ ನಾಳಗಳು ಪೂರ್ತಿ ಅಳಿಯುವವರೆಗೆ ಬ್ಯಾಂಡ್ ಹಾಕುತ್ತಾರೆ, ಒತ್ತಡ ಇಳಿಸಲು ಪ್ರೊಪ್ರನೊಲಾಲ್ ಅಥವಾ ಕಾರ್ವೆಡಿಲಾಲ್ ಕೊಡುತ್ತಾರೆ. ಒಮ್ಮೆ ರಕ್ತ ನಿಂತಿತೆಂದು ಎರಡನೆಯ ಸಲ ಬಾರದೇ ಉಳಿದವರು, ಮತ್ತೆ ಕುಡಿಯಲು ತೊಡಗಿದವರು, ಇವರೇ ರಾತ್ರಿ ಪಾಳಿಯಲ್ಲಿ ಮತ್ತೆ ನಮ್ಮ ಕಣ್ಣಿಗೆ ಬೀಳುವವರು. ಯಜಮಾನರು ಕುಡಿತ ನಿಲ್ಲಿಸಿದ್ದಾರೆಯೇ ಎಂಬುದನ್ನು ನೀವು ಬರೆದಿಲ್ಲ. ಉಳಿದ ಯಾವ ಔಷಧಿಗಿಂತಲೂ ಅದು ಮುಖ್ಯ. ನಿಲ್ಲಿಸಿದವರಲ್ಲಿ ಕೆಲವು ತಿಂಗಳಲ್ಲೇ ಲಿವರ್ ಗಣನೀಯವಾಗಿ ಸುಧಾರಿಸುವುದನ್ನು ನೋಡಿದ್ದೇನೆ.

ಪ್ರಶ್ನೆ: ನಾನು ದುಬೈಯಲ್ಲಿದ್ದೇನೆ. ಊರಿನಲ್ಲಿರುವ ತಾಯಿಗೆ ಹುಣ್ಣಿನಿಂದ ರಕ್ತ ಹೋಗಿ ರಾತ್ರಿ 11ಕ್ಕೆ ಆಸ್ಪತ್ರೆಗೆ ಸೇರಿಸಿದರು. ಎಂಡೋಸ್ಕೋಪಿ ಮಾಡಿದ್ದು ಮರುದಿನ ಬೆಳಿಗ್ಗೆ 9ಕ್ಕೆ. ಹಿಮೋಗ್ಲೋಬಿನ್ 6.4 ಇದ್ದರೂ ಒಂದೇ ಬಾಟಲಿ ರಕ್ತ ಕೊಟ್ಟರು. ರಕ್ತ ನಿಲ್ಲುವ ಇಂಜೆಕ್ಷನ್ ಕೊಡಿ ಎಂದು ತಮ್ಮ ಕೇಳಿದರೂ ಕೊಡಲಿಲ್ಲ. ಅಮ್ಮ ಗುಣವಾಗಿದ್ದಾರೆ, ಆದರೆ ಇದು ನಿರ್ಲಕ್ಷ್ಯವಲ್ಲವೇ?

ಉತ್ತರ: ನೀವು ಹೇಳಿದ ಮೂರೂ ದೂರುಗಳು ಹತ್ತು ಹದಿನೈದು ವರ್ಷದ ಹಿಂದೆ ನನಗೂ ಸರಿ ಎನ್ನಿಸುತ್ತಿದ್ದವು. ಬಾರ್ಸಿಲೋನಾದ ವೈದ್ಯರು 921 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದರಲ್ಲಿ ಹಿಮೋಗ್ಲೋಬಿನ್ 7ಕ್ಕಿಂತ ಇಳಿದಾಗ ಮಾತ್ರ ರಕ್ತ ಕೊಟ್ಟರು, ಇನ್ನೊಂದರಲ್ಲಿ 9ಕ್ಕಿಂತ ಇಳಿದ ಕೂಡಲೇ ಕೊಟ್ಟರು. 2013ರಲ್ಲಿ ಫಲಿತಾಂಶ ಬಂದಾಗ, ಆರು ವಾರದ ನಂತರ ಕಡಿಮೆ ರಕ್ತ ಪಡೆದವರಲ್ಲಿ 100ಕ್ಕೆ 95 ಮಂದಿ ಬದುಕಿದ್ದರು, ಹೆಚ್ಚು ಪಡೆದವರಲ್ಲಿ 91. ವಿಶೇಷವಾಗಿ ಲಿವರ್ ರೋಗಿಗಳಲ್ಲಿ ರಕ್ತ ತುಂಬಿದಷ್ಟೂ ಒಳಗಿನ ಒತ್ತಡ ಏರುತ್ತದೆ. ಹೃದ್ರೋಗ ಇರುವವರಿಗೆ ಮಾತ್ರ 8ರ ಸುತ್ತ ಗಡಿ ಹಾಕಿಕೊಳ್ಳುತ್ತೇವೆ. ಒಂದು ಬಾಟಲಿಯಿಂದ ಹಿಮೋಗ್ಲೋಬಿನ್ ಸುಮಾರು ಒಂದು ಗ್ರಾಂ ಏರುವುದರಿಂದ ತಾಯಿಯವರದು 7 ದಾಟಿರುತ್ತದೆ. ಆದರೆ ರಕ್ತ ಧಾರಾಕಾರವಾಗಿ ಹೋಗುತ್ತಿರುವವರಿಗೆ ಈ ಲೆಕ್ಕ ಹೊಂದುವುದಿಲ್ಲ. ಅಲ್ಲಿ ರಿಪೋರ್ಟಿಗೆ ಕಾಯದೆ ಕೊಡಬೇಕು.

ಎಂಡೋಸ್ಕೋಪಿಯ ಹೊತ್ತಿನ ಬಗ್ಗೆ 2020ರಲ್ಲಿ ಹಾಂಗ್‌ಕಾಂಗಿನಿಂದಲೇ ಇನ್ನೊಂದು ಉತ್ತರ ಬಂತು. ಅಪಾಯದ ಅಂಕ ಹೆಚ್ಚಿದ್ದ 516 ಮಂದಿಯಲ್ಲಿ, ತಜ್ಞರು ನೋಡಿದ ಆರು ಗಂಟೆಯೊಳಗೆ ಎಂಡೋಸ್ಕೋಪಿ ಮಾಡಿದವರು 6ರಿಂದ 24 ಗಂಟೆಯೊಳಗೆ ಮಾಡಿದವರಿಗಿಂತ ಹೆಚ್ಚು ಉಳಿಯಲಿಲ್ಲ. ಮೊದಲ ಗಂಟೆಗಳಲ್ಲಿ ಡ್ರಿಪ್, ರಕ್ತ, ಆಮ್ಲಜನಕ ಕೊಟ್ಟು ಬಿಪಿ ಮೇಲೆ ತಂದು, ಹೃದಯ ಮತ್ತು ಕಿಡ್ನಿಗಳನ್ನು ಭದ್ರಪಡಿಸಿಕೊಂಡು ಆಮೇಲೆ ನಳಿಕೆ ಇಳಿಸುವುದೇ ಸರಿಯಾದ ಕ್ರಮ. ಇಷ್ಟೆಲ್ಲ ಮಾಡಿದರೂ ಬಿಪಿ ನಿಲ್ಲದವರನ್ನು ಬೆಳಗಿನವರೆಗೆ ಕಾಯಿಸಬಾರದು, ಲಿವರ್ ಕಾಯಿಲೆಯವರಿಗೆ 12 ಗಂಟೆಯೊಳಗೆ ಮಾಡಬೇಕು. ತಮ್ಮನವರು ಕೇಳಿದ್ದು ಬಹುಶಃ ಟ್ರಾನೆಕ್ಸಾಮಿಕ್ ಆಸಿಡ್. ಅಪಘಾತದಲ್ಲಿ, ಹೆರಿಗೆಯ ರಕ್ತಸ್ರಾವದಲ್ಲಿ ಅದು ಉಪಯುಕ್ತ. ಆದರೆ ಜೀರ್ಣಾಂಗದ ರಕ್ತಸ್ರಾವದಲ್ಲಿ 15 ದೇಶಗಳ 12,000 ರೋಗಿಗಳ ಮೇಲೆ ಪರೀಕ್ಷಿಸಿದಾಗ ಸಾವು ಕಡಿಮೆಯಾಗಲಿಲ್ಲ, ಕಾಲು ಮತ್ತು ಶ್ವಾಸಕೋಶದ ರಕ್ತನಾಳಗಳಲ್ಲಿ ಹೆಪ್ಪುಗಟ್ಟುವುದೂ ಫಿಟ್ಸ್ ಬರುವುದೂ ಹೆಚ್ಚಾಯಿತು. ಕೊಡದೇ ಇದ್ದವರು ತಿಳಿದವರೇ. ಆ ರಾತ್ರಿ ಯಾರೂ ಇದನ್ನೆಲ್ಲ ತಮ್ಮನವರಿಗೆ ಎರಡು ನಿಮಿಷ ಕೂತು ಹೇಳಲಿಲ್ಲವಲ್ಲ, ಆ ದೂರನ್ನು ನಾನು ಒಪ್ಪುತ್ತೇನೆ.

ಪ್ರಶ್ನೆ: ರಕ್ತಹೀನತೆಗೆ ಕಬ್ಬಿಣದ ಮಾತ್ರೆ ನುಂಗುತ್ತಿದ್ದೇನೆ, ಮಲ ಕಪ್ಪಾಗಿದೆ. ಹೆದರಬೇಕೇ?
ಹಾಸನದ ಓದುಗರು

ಉತ್ತರ: ಕಬ್ಬಿಣದಿಂದ ಬರುವ ಕಪ್ಪು ಹಸಿರು ಮಿಶ್ರಿತವಾಗಿ, ಗಟ್ಟಿಯಾಗಿ, ಅಂಟಿಲ್ಲದೆ, ಮಾಮೂಲು ವಾಸನೆಯಲ್ಲಿ ಇರುತ್ತದೆ. ಅದಕ್ಕೆ ಹೆದರಬೇಕಿಲ್ಲ. ಅಂಟಾದ, ಹೊಳೆಯುವ, ಗಬ್ಬು ನಾರುವ ಕಪ್ಪಾಗಿದ್ದರೆ, ಅಥವಾ ಎದ್ದು ನಿಂತಾಗ ಕಣ್ಣು ಕತ್ತಲಿಟ್ಟರೆ, ತಣ್ಣನೆಯ ಬೆವರು ಬಂದರೆ, ಮಾತ್ರೆಯ ಮೇಲೆ ಹೊರಿಸಿ ಕೂರಬೇಡಿ; 108ಕ್ಕೆ ಕರೆ ಮಾಡಿ. ಬಿಪಿಗೋ ಹೃದಯಕ್ಕೋ ಮೆಟೊಪ್ರೊಲಾಲ್, ಅಟೆನೊಲಾಲ್‌ನಂಥ ಮಾತ್ರೆ ತೆಗೆದುಕೊಳ್ಳುವವರಲ್ಲಿ ರಕ್ತ ಹೋಗುತ್ತಿದ್ದರೂ ನಾಡಿ ಏರುವುದಿಲ್ಲ. ನಾಡಿ 78 ಇದೆ, ಏನೂ ಆಗಿಲ್ಲ ಎಂದು ಮನೆಯವರಷ್ಟೇ ಅಲ್ಲ, ಹೊಸ ವೈದ್ಯರೂ ಮೋಸಹೋಗುತ್ತಾರೆ. ಆದ್ದರಿಂದ ನುಂಗುವ ಮಾತ್ರೆಗಳ ಪಟ್ಟಿಯನ್ನು ಒಯ್ಯಿರಿ. ಪಟ್ಟಿ ಇಲ್ಲದಿದ್ದರೆ ಮಾತ್ರೆಯ ಡಬ್ಬಿಯನ್ನೇ ಒಯ್ಯಿರಿ.

ಪ್ರಶ್ನೆ: ಹುಣ್ಣಿನಿಂದ ರಕ್ತ ಹೋದಾಗ ಎಂಡೋಸ್ಕೋಪಿಯಲ್ಲಿ ಚೂರು ತೆಗೆದು ಬ್ಯಾಕ್ಟೀರಿಯಾ ಪರೀಕ್ಷೆ ಮಾಡಿದರು, ಇಲ್ಲ ಎಂದು ಬಂತು. ನಾನು ನೋವಿನ ಮಾತ್ರೆ ಮುಟ್ಟಿದವನೇ ಅಲ್ಲ. ಮತ್ತೆ ಹುಣ್ಣು ಬರುವುದಿಲ್ಲ ತಾನೇ?
ಉಡುಪಿಯ ಓದುಗರು

ಉತ್ತರ: ನೋವಿನ ಮಾತ್ರೆಯೂ ಇಲ್ಲ, ಬ್ಯಾಕ್ಟೀರಿಯಾವೂ ಇಲ್ಲ ಎಂದರೆ ನಾನು ಮೊದಲು ಆ ಪರೀಕ್ಷೆಯನ್ನೇ ಅನುಮಾನಿಸುತ್ತೇನೆ. ಹೆಲಿಕೊಬ್ಯಾಕ್ಟರ್ ಪೈಲೋರಿ ಎಂಬ ಈ ಸೂಕ್ಷ್ಮಜೀವಿಯೇ ಹೆಚ್ಚಿನ ಹುಣ್ಣುಗಳಿಗೆ ಮೂಲ ಎಂದು ತೋರಿಸಿದ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಬಂತು. ಮಾರ್ಷಲ್ ಅವರಂತೂ ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು ತಾವೇ ಕುಡಿದು ಪರೀಕ್ಷಿಸಿಕೊಂಡಿದ್ದರು. ಹೊಟ್ಟೆಯಲ್ಲಿ ರಕ್ತ ತುಂಬಿದ್ದಾಗ, ಆಮ್ಲ ತಗ್ಗಿಸುವ ಔಷಧಿ ಹರಿಯುತ್ತಿದ್ದಾಗ, ಇದ್ದ ಬ್ಯಾಕ್ಟೀರಿಯಾವೂ ಪರೀಕ್ಷೆಗೆ ಸಿಗದೆ ತಪ್ಪಿಸಿಕೊಳ್ಳುತ್ತದೆ. ಇದೆ ಎಂದು ಬಂದರೆ ನಂಬಬಹುದು, ಇಲ್ಲ ಎಂದು ಬಂದರೆ ಹುಣ್ಣು ಮಾಗಿದ ಮೇಲೆ ಇನ್ನೊಮ್ಮೆ ಉಸಿರಿನ ಪರೀಕ್ಷೆಯನ್ನೋ ಮಲದ ಪರೀಕ್ಷೆಯನ್ನೋ ಮಾಡಿಸಬೇಕು. ಅದಕ್ಕೆ ಮೊದಲು ಎರಡು ವಾರ ಆಮ್ಲ ತಗ್ಗಿಸುವ ಮಾತ್ರೆಯನ್ನೂ ನಾಲ್ಕು ವಾರ ಆಂಟಿಬಯಾಟಿಕ್ಕುಗಳನ್ನೂ ಬಿಟ್ಟಿರಬೇಕಾಗುತ್ತದೆ. ಯಾವಾಗ ಬಿಡುವುದು ಎಂಬುದನ್ನು ನಿಮಗೆ ಎಂಡೋಸ್ಕೋಪಿ ಮಾಡಿದ ವೈದ್ಯರನ್ನೇ ಕೇಳಿ. ಹುಣ್ಣು ಮಾಗಿದೆ ಎಂದು ಅವರು ಹೇಳುವವರೆಗೆ ಮಾತ್ರೆ ನಿಲ್ಲಿಸಬೇಡಿ.